ತಸ್ರಿಪಾನನ ಗರಗಸ

ಅವಳು ಏನೋ ಅಂದಳು. ಒಲೆಯ ಮುಂದೆ ಬಗ್ಗಿ, ಬೆನ್ನು ಇವನ ಕಡೆ ಮಾಡಿಕೊಂಡು ಅಂದದ್ದರಿಂದ ತುಟಿ ಕಾಣಲಿಲ್ಲ. ಗೋಡೆಯಾಚೆ ಯಾರೋ ಚಾಪೆ ಎಳೆದ ಹಾಗೆ ಏನೋ ಒಂದು ರುಮಾದಿಯ ಕಿವಿಯವರೆಗೆ ಬಂದು ಅಲ್ಲೇ ನಿಂತಿತು. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಒಂದು ಗಳಿಗೆ ತೂಗಿ ನೋಡಿದ. ಹೆಂಡತಿ ಮಸ್ರಿಫಾಳ ಮಾತುಗಳಲ್ಲಿ ಹೆಚ್ಚಿನವು ಹೂಂ ಬೇಡುವಂಥವು ಎಂದು, ಕಿವಿ ಮಂದವಾದ ಈ ಮೂರು ವರ್ಷಗಳಲ್ಲಿ ಅವನು ಕಂಡುಕೊಂಡಿದ್ದ. ಅನ್ನ ಬಡಿಸಲಾ, ಅಂಗಿ ಒಗೆಯಕ್ಕೆ ಹಾಕಲಾ, ಬಿಸಿಲು ಜಾಸ್ತಿಯಾಯಿತಲ್ಲವಾ. "ಹೂಂ" ಅಂದ. ಅವಳು ತಿರುಗಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಒಲೆ ಆರಿಸಿದಳು. ಒಳಗೆ ಹೋಗಿ ತಲೆವಸ್ತ್ರ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಬಂದು, ಬೈಕಿನ ಪಕ್ಕ ನಿಂತಳು. ಆಗ ತಿಳಿಯಿತು, ಅವಳು ಕೇಳಿದ್ದು ನಾನೂ ಬರಲಾ ಎಂದು.

ಬೇಡ ಅನ್ನಲು ಬಾಯಿ ಬರಲಿಲ್ಲ. ಹೂಂ ಅಂದವನು ತಾನೇ. ಒಬ್ಬನೇ ಹೋಗಬೇಕೆಂದು ವಾರದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬೆಳಗು ಹೀಗೆ ಒಂದು ಅಕ್ಷರಕ್ಕೆ ಕೈತಪ್ಪಿತು. ಮ್ಲೊಂಗೊದಲ್ಲಿ ತಸ್ರಿಪಾನ್ ಎನ್ನುವ ಮುದುಕನೊಬ್ಬ ತನ್ನ ಬ್ಯಾಂಡ್‌ಸಾ ಮಾರುತ್ತಾನೆಂದು ಮರದ ದಲಾಲಿ ಹೇಳಿದ್ದ. ಮೇಲೊಂದು ಕೆಳಗೊಂದು ಗಾಲಿ, ಎರಡಕ್ಕೂ ಸುತ್ತಿಕೊಂಡು ಓಡುವ ಹಲ್ಲಿನ ಪಟ್ಟಿ, ನಡುವೆ ಕಬ್ಬಿಣದ ಮೇಜು. ಇಪ್ಪತ್ತು ವರ್ಷ ಹಳೆಯದಾದರೂ ಗಟ್ಟಿ ಮಷೀನಂತೆ. ಕುರ್ಚಿಯ ಬಾಗಿದ ಕಾಲುಗಳನ್ನು ಬಿಲ್ಲುಗರಗಸದಲ್ಲಿ ಕೊಯ್ದು ಕೊಯ್ದು ರುಮಾದಿಯ ಬಲಭುಜ ಈಗ ಅಂಗಿ ತೊಡುವಾಗಲೂ ಹಿಡಿದುಕೊಳ್ಳುತ್ತಿತ್ತು. ಕೊಯ್ಯುವ ಕೆಲಸವನ್ನು ಬೇರೆಯವರ ಶೆಡ್ಡಿಗೆ ಕೊಟ್ಟೂ ನೋಡಿದ್ದ. ಅಲ್ಲಿ ಮಷೀನು ಓಡುತ್ತಿರುವಾಗಲೇ ಕೆಲಸದವನೊಬ್ಬ ಅವನತ್ತ ಬಗ್ಗಿ "ಗೆರೆ ಉಳಿಸ್ಲಾ, ತಿನ್ಲಾ?" ಎಂದು ಕೇಳಿದನಂತೆ. ರುಮಾದಿ ಹೂಂ ಅಂದನಂತೆ. ಗೆರೆ ತಿಂದು ಕೊಯ್ದ ಹದಿನಾರು ಕಾಲುಗಳೂ ಬಡಕಲಾಗಿ ಬಿದ್ದವು. ಅವುಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಾಗ ಇನ್ನೊಬ್ಬ ಎದುರು ನಿಂತು, ಸದ್ದಿಲ್ಲದೆ ಬರಿಯ ಬಾಯಾಡಿಸಿ ಏನೋ ಅಂದ. ಉಳಿದವರು ನಕ್ಕರು. ರುಮಾದಿಯೂ ನಕ್ಕ. ತಾನು ಯಾವುದಕ್ಕೆ ನಕ್ಕೆ ಎಂಬುದು ಮನೆಯ ಹತ್ತಿರ ಬಂದಾಗ ಹೊಳೆದು, ಬೈಕು ನಿಲ್ಲಿಸಿ, ಗೋಣಿಯನ್ನು ಮತ್ತೆ ಬಿಗಿಯಾಗಿ ಕಟ್ಟಿದ, ಅದು ಸಡಿಲವೇನೂ ಆಗಿರದಿದ್ದರೂ.

ಬೆಲೆಯ ಮಾತು ದಲಾಲಿಯ ಮೂಲಕ ಮುಗಿದಿತ್ತು. ಇನ್ನು ನೋಡಿ, ಓಡಿಸಿ, ಕೇಳಿ, ಹೌದು ಅಥವಾ ಅಲ್ಲ ಅನ್ನುವುದಷ್ಟೇ. ಕೇಳಿ ಅನ್ನುವಲ್ಲೇ ಅವನ ಎದೆ ಸಣ್ಣಗಾಗುತ್ತಿತ್ತು. ಬ್ಯಾಂಡ್‌ಸಾ ಕೊಳ್ಳುವವನು ಅದನ್ನು ಕಣ್ಣಿಂದ ಕೊಳ್ಳುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತರ ವಯಸ್ಸಿನಲ್ಲಿ ತಾಹುನಾನ್ ಎಂಬ ಊರಿನ ದೊಡ್ಡ ಶೆಡ್ಡಿನಲ್ಲಿ ಅವನು ಐದು ವರ್ಷ ಅದರ ಮುಂದೆ ನಿಂತಿದ್ದ. ಹಿತ್ತಲಲ್ಲಿ ಕೂತು ಬಾಳೆಲೆಯ ಅನ್ನ ಉಣ್ಣುತ್ತಿರುವಾಗಲೇ ಒಳಗೆ ತೇಗ ಕೊಯ್ಯುತ್ತಿದ್ದಾರೋ ಮಹೋಗನಿಯೋ, ಹಲ್ಲು ಮೊಂಡಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಪಟ್ಟಿ ತುಂಡಾಗುವ ಮೊದಲು ಅದರ ದನಿ ಒಂದು ಎಳೆಯಷ್ಟು ಬದಲಾಗುತ್ತದೆ, ಆಗ ಹಿಂದಕ್ಕೆ ಸರಿದವನು ಉಳಿದುಕೊಳ್ಳುತ್ತಾನೆ. ಆ ಎಳೆಯನ್ನು ಹಿಡಿಯುವ ಕಿವಿ ಯಾವತ್ತು ಹೋಯಿತು ಎಂದು ಅವನಿಗೇ ಗೊತ್ತಿಲ್ಲ. ಮೊದಲು ಜೀರುಂಡೆಗಳು ಹೋದವು. ಮಳೆಗಾಲ ಶುರುವಾಗಿ ತಿಂಗಳಾದ ಮೇಲೆ, ಈ ಸಲ ಜೀರುಂಡೆಗಳೇ ಇಲ್ಲವಲ್ಲ ಎಂದು ಮಸ್ರಿಫಾಳಿಗೆ ಹೇಳಿದ್ದ. ಅವಳು ಕತ್ತಲಿನತ್ತ ನೋಡಿ, ಹೌದು, ಕಡಿಮೆ ಅಂದಿದ್ದಳು.

ಬೈಕು ಪೇಟೆ ದಾಟಿ ಉತ್ತರಕ್ಕೆ ತಿರುಗಿತು. ಹಸಿರು ಗುಮ್ಮಟದ ಒಂದು ಮಸೀದಿ ಹಿಂದೆ ಸರಿಯಿತು. ಗುಮ್ಮಟ ಕಂಡರೆ ಈಗೀಗ ಅವನಿಗೆ ಕತ್ತಿನ ಹಿಂದೆ ಬಿಸಿಯಾಗುತ್ತಿತ್ತು. ರಂಜಾನಿನ ಒಂದು ಸಂಜೆ ನೆಲಕ್ಕೆ ಹಣೆ ಹಚ್ಚಿದವನು ಇಮಾಮರ ಕರೆ ಕೇಳಿಸದೆ ಹಾಗೇ ಉಳಿದುಬಿಟ್ಟಿದ್ದ. ಸಾಲೆಲ್ಲ ಎದ್ದು ಕೂತು, ಮತ್ತೆ ಬಾಗಿ, ಮತ್ತೆ ಎದ್ದರೂ ಅವನು ಮಾತ್ರ ಚಾಪೆಯ ವಾಸನೆಯಲ್ಲಿ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಆಮೇಲೆ ಹಿಂದಿನ ಸಾಲಿನ ಒಬ್ಬ ಹಿರಿಯರು ಅವನ ಭುಜ ಹಿಡಿದು, "ಎಂಥಾ ಭಕ್ತಿ ಮಾರಾಯ, ನಮಗೆಲ್ಲ ಬರೋದಲ್ಲ ಅದು" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅಲ್ಲ ಅನ್ನಲು ಆಗಲೂ ಅವನಿಗೆ ಬಾಯಿ ಬರಲಿಲ್ಲ. ಅಂದಿನಿಂದ ಹಣೆ ಹಚ್ಚಿದಾಗಲೂ ಒಂದು ಕಣ್ಣು ತೆರೆದು ಪಕ್ಕದವನ ಮೊಣಕಾಲನ್ನೇ ನೋಡುತ್ತಿರುತ್ತಾನೆ. ದೇವರ ಮುಂದೆ ಕದ್ದು ನೋಡುವವನು. ಬೀದಿಯವರ ಪಾಲಿಗೆ ದೊಡ್ಡ ಭಕ್ತ.

ತಸ್ರಿಪಾನ್ ಬಾಗಿಲಲ್ಲೇ ನಿಂತಿದ್ದ. ಎಪ್ಪತ್ತು ದಾಟಿದ, ಒಣಗಿದ ಹಲಗೆಯಂಥ ಮನುಷ್ಯ. ಚೌಕುಳಿ ಲುಂಗಿ, ತಲೆಗೆ ಕಪ್ಪು ಟೋಪಿ. "ಬನ್ನಿ, ಬನ್ನಿ! ದಾರಿ ಸಿಕ್ತಾ? ಬು, ಇಲ್ಲಿ ನೆರಳಿಗೆ ಬನ್ನಿ!" ಎಂದು ಮಸ್ರಿಫಾಳನ್ನೂ ಮರ್ಯಾದೆಯಿಂದ ಕರೆದು ಎಷ್ಟು ಜೋರಾಗಿ ಕೂಗಿದನೆಂದರೆ ಒಂದೊಂದು ಮಾತೂ ರುಮಾದಿಗೆ ಸ್ಪಷ್ಟವಾಗಿ ಕೇಳಿಸಿತು. ಒಂದು ಕ್ಷಣ ಹಾಯೆನಿಸಿತು, ಬಿಸಿಲಿಂದ ನೆರಳಿಗೆ ಬಂದಷ್ಟೇ. ಮರುಕ್ಷಣ ಅನುಮಾನ ಹತ್ತಿತು. ದಲಾಲಿ ಇವನಿಗೆ ಹೇಳಿರಬೇಕು, ಬರೋನು ಸ್ವಲ್ಪ ಕಿವುಡ, ಜೋರಾಗಿ ಮಾತಾಡು ಅಂತ. ಆ ಜೋರು ದನಿ ಮರ್ಯಾದೆಯದೋ ಅಣಕದ್ದೋ ತಿಳಿಯಲು ಅವನ ಮುಖ ನೋಡಿದ. ಮುದುಕ ಇವನ ಬಾಯನ್ನೇ ನೋಡುತ್ತಿದ್ದ.

ಕಾಫಿಯನ್ನು ತಾನೇ ಮಾಡಿ ತಂದ. ಲೋಟದ ತುಂಬ ಗಸಿ. "ಹದಿನಾಲ್ಕು ತಿಂಗಳಾಯ್ತು ನನ್ನೋಳು ಹೋಗಿ. ಕಾಫಿ ಮಾಡೋದು ಇನ್ನೂ ಬಂದಿಲ್ಲ" ಅಂದ. ಮಷೀನಿದ್ದ ಚಾವಡಿಯ ಕಡೆ ಗದ್ದ ಎತ್ತಿ ತೋರಿಸಿ, "ಅದನ್ನ ನನ್ನ ಎರಡನೇ ಹೆಂಡ್ತಿ ಅಂತ ಬೈತಿದ್ಲು. ಮೊದಲನೇಳು ಹೋದ್ಲು. ಈಗ ಎರಡನೇಳನ್ನೂ ಕಳಿಸ್ತಿದೀನಿ ನೋಡಿ" ಎಂದು ನಕ್ಕ.

"ಹೆಂಡ್ತೀನ ಓಡಿಸಿ ತೋರ್ಸಿ ಕಳಿಸೋರನ್ನ ಇವತ್ತೇ ನೋಡಿದ್ದು ಪಾಕ್" ಎಂದಳು ಮಸ್ರಿಫಾ, ಹಿರಿಯರಿಗೆ ಹಚ್ಚುವ ಪಾಕ್ ಬಿಡದೆ, ಲೋಟದ ಮೇಲೆ ಬಗ್ಗಿಕೊಂಡೇ.

ಮುದುಕ ನಗಲಿಲ್ಲ. ಆಕಾಶದ ಕಡೆ ನೋಡುತ್ತಾ ಸುಮ್ಮನೆ ಕೂತಿದ್ದ. ಮಾತು ಹೆಚ್ಚಾಯಿತೇನೋ ಎಂದು ಅವಳು ತುಟಿ ಕಚ್ಚಿಕೊಂಡಳು. ಅವಳು ಏನಂದಳೆಂದು ರುಮಾದಿಗೂ ತಿಳಿದಿರಲಿಲ್ಲ. ಅವಳ ಮುಖ ಕೆಂಪಾದದ್ದು ಮಾತ್ರ ಕಂಡಿತು. ಅವಳು ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲ ಮಣಿಕಟ್ಟು ಹೊರಕ್ಕೆ ಬಾಗಿ ಕೂಡಿಕೊಂಡಿತ್ತು, ತಪ್ಪು ಅಚ್ಚಿನಲ್ಲಿ ಕೊಯ್ದ ಹಾಗೆ. ಕಳೆದ ವರ್ಷ ಬಾವಿಕಟ್ಟೆಯಲ್ಲಿ ಜಾರಿಬಿದ್ದಿದ್ದಳು. ಹಲಗೆಯ ಅಟ್ಟಿಯ ಈಚೆಗೆ, ಹತ್ತು ಹೆಜ್ಜೆ ದೂರದಲ್ಲಿ, ಅವನು ಉಜ್ಜುಗೊರಡು ಹಿಡಿದು ಕೆಲಸದಲ್ಲಿದ್ದ. ಉರುಳಿದ ಬಕೆಟ್ಟಿನ ನೀರು ಅಟ್ಟಿಯ ಕೆಳಗಿಂದ ಹರಿದು ಬಂದು ಅವನ ಕಾಲು ಮುಟ್ಟಿದ ಮೇಲೆಯೇ ಅವನು ಎದ್ದದ್ದು. ಅವಳ ದನಿ ಅಷ್ಟರಲ್ಲಿ ಸೋತು ಹೋಗಿತ್ತು. "ಆಚೆ ಮನೆ ಮಷೀನ್ ಸದ್ದು, ಕೇಳಿಸಲೇ ಇಲ್ಲ" ಅಂದ. ಅವಳು ಅವನ ಮುಖ ನೋಡಿ "ಹೌದು" ಅಂದಳು. ಮೂಳೆ ಕೂರಿಸುವವನ ಮನೆಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಎದುರಿನ ಬೀದಿಯಲ್ಲಿ ಗಂಡಸರು ಬಿಳಿ ಅಂಗಿ ತೊಟ್ಟು ಸಾಲುಸಾಲಾಗಿ ಹೋಗುತ್ತಿದ್ದರು. ಶುಕ್ರವಾರ. ಆ ದಿನ ಓಣಿಯಲ್ಲಿ ಒಂದು ಮಷೀನೂ ಓಡುವುದಿಲ್ಲ. ಅವನು ನೆಲ ನೋಡುತ್ತಾ ಕೂತಿದ್ದ, ಅವಳಿಗೆ ನೋವಿನಲ್ಲಿ ವಾರ ನೆನಪಿರಲಿಕ್ಕಿಲ್ಲ ಎಂದುಕೊಳ್ಳುತ್ತಾ.

"ಬನ್ನಿ, ಓಡಿಸೋಣ" ಎಂದ ತಸ್ರಿಪಾನ್.

ಚಾವಡಿಯಲ್ಲಿ ಮರದ ಪುಡಿಯ ಬೆಚ್ಚಗಿನ ವಾಸನೆ. ಗಾಢ ಹಸಿರು ಬಣ್ಣದ ಮಷೀನು, ಕೈ ತಾಗುವ ಕಡೆಗಳಲ್ಲೆಲ್ಲ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಮೇಜು ಗೆರೆಯೆಳೆದಷ್ಟು ಸಮ. ರುಮಾದಿ ಮೇಲಿನ ಗಾಲಿಯನ್ನು ಕೈಯಿಂದ ತಿರುಗಿಸಿದ, ಗಾಲಿಯ ರಬ್ಬರನ್ನು ಉಗುರಿನಿಂದ ಒತ್ತಿದ, ಪಟ್ಟಿಯ ಬಿಗಿ ನೋಡಿದ. ಕಣ್ಣು ಮತ್ತು ಕೈ ಮಾಡಬಹುದಾದದ್ದನ್ನೆಲ್ಲ ಬೇಕೆಂದೇ ನಿಧಾನ ಮಾಡಿದ. ಆಮೇಲೆ ಉಳಿದದ್ದು ಅದೊಂದೇ. ಮುದುಕ ಗುಂಡಿ ಒತ್ತಿದ. ಪಟ್ಟಿ ಮೊದಲು ಹಲ್ಲುಹಲ್ಲಾಗಿ ಕಂಡಿತು, ಆಮೇಲೆ ಬರಿಯ ಹೊಳಪಾಯಿತು. ರುಮಾದಿಗೆ ಕೇಳಿಸಿದ್ದು ಅಂಗಾಲಿನಿಂದ ಮೇಲೇರಿ ದವಡೆಯಲ್ಲಿ ನಿಂತ ಒಂದು ಗುಂಯ್ ಮಾತ್ರ, ದೂರದ ಸಮುದ್ರದ ಹಾಗೆ, ಒಳಗೆ ಏನು ನಡೆಯುತ್ತಿದೆಯೆಂದು ಬಿಟ್ಟುಕೊಡದ ಸದ್ದು. ಅದರ ಮೇಲೆ ಆ ಸಣ್ಣ, ಬಿಗಿದ ದನಿ ಇರಬೇಕಾದ ಜಾಗ ಖಾಲಿ ಇತ್ತು. ಅಂಗೈಯನ್ನು ಕಬ್ಬಿಣದ ಮೇಲಿಟ್ಟು, ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣು ಕಿರಿದಾಗಿಸಿದ. ಕೇಳುವವನು ಹೇಗೆ ಕಾಣುತ್ತಾನೆಂದು ಅವನಿಗೆ ಮರೆತಿರಲಿಲ್ಲ.

"ಹೇಗಿದೆ ದನಿ?" ಮುದುಕ ಕೂಗಿದ. "ಹಾಡ್ತಾಳೆ ಅಲ್ವಾ?"

"ಹಾಡ್ತಾಳೆ" ಅಂದ ರುಮಾದಿ.

ಮಹೋಗನಿಯ ತುಂಡೊಂದರ ಮೇಲೆ ಕುರ್ಚಿ ಕಾಲಿನ ಬಾಗು ಬರೆದಿತ್ತು. ರುಮಾದಿ ಅದನ್ನೆತ್ತಿ ಮೇಜಿನ ಮೇಲಿಟ್ಟು ಹಲ್ಲಿಗೆ ಕೊಟ್ಟ. ಇಷ್ಟು ವರ್ಷಗಳ ನಂತರವೂ ಕೈ ಏನನ್ನೂ ಮರೆತಿರಲಿಲ್ಲ. ಬಾಗಿನಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಮರವೇ ತಿರುಗಲು ಬಿಡಬೇಕು ಎಂದು ಬೆರಳುಗಳು ತಾವಾಗಿ ನಡೆದವು. ಭುಜ ನೋಯಲಿಲ್ಲ. ಪುಡಿ ಕೆಂಪಗೆ, ಬೆಚ್ಚಗೆ ಮುಂಗೈ ಮೇಲೆ ಬಿದ್ದಿತು. ಗೆರೆ ಉಳಿಯಿತು. ಗೆರೆಯನ್ನು ಉಳಿಸಿದವನು ತಾನೇ ಎಂಬ ಖುಷಿಗೆ ಕಣ್ಣು ಮಂಜಾಯಿತು. ಹೌದು ಎಂದುಬಿಡೋಣ, ಇವತ್ತೇ, ಈಗಲೇ ಎಂದುಕೊಂಡ. ಅಷ್ಟರಲ್ಲಿ ಪಟ್ಟಿಯ ಹೊಳಪು ಒಡೆದು ಮತ್ತೆ ಹಲ್ಲುಹಲ್ಲಾಯಿತು. ದವಡೆಯಿಂದ ಗುಂಯ್ ಇಳಿಯಿತು. ತಿರುಗಿ ನೋಡಿದರೆ ಮಸ್ರಿಫಾ ಗೋಡೆಯ ಹತ್ತಿರ ನಿಂತಿದ್ದಳು, ಪ್ಲಗ್ಗು ಅವಳ ಕೈಯಲ್ಲಿತ್ತು.

"ಅದೇನದು, ಟಿಕ್ ಟಿಕ್ ಅಂತ?" ಅಂದಳು.

"ಏನು?" ಮುದುಕ ಅವಳ ಬಾಯಿ ಕಾಣುವಂತೆ ಹತ್ತಿರ ಬಂದ.

"ಟಿಕ್ ಟಿಕ್ ಅಂತಿದೆ ಪಾಕ್. ಒಂದೇ ಸಮ. ಓಡಕ್ಕೆ ಶುರುವಾದಾಗಿಂದ."

"ಎಂಥಾ ಟಿಕ್ ಬು? ಟಿಕ್ ಏನೂ ಇಲ್ಲ. ಇಪ್ಪತ್ತು ವರ್ಷದಿಂದ ಕೇಳ್ತಿದೀನಿ ಇವಳ ದನಿ."

ಇಬ್ಬರೂ ರುಮಾದಿಯನ್ನು ನೋಡಿದರು. ತೀರ್ಪು ಹೇಳಬೇಕಾದವನು ಅವನು. ಅವಳು ಹೇಳುತ್ತಿರುವುದು ನಿಜವೇ ಇರಬೇಕೆಂದು ಗೊತ್ತಿದ್ದೂ, ಆ ಗೊತ್ತಿರುವುದರ ಮೇಲೆಯೇ ಕಾಲಿಟ್ಟು, "ಮಷೀನ್ ಅಂದ್ಮೇಲೆ ಸದ್ದು ಇರುತ್ತೆ. ನನಗೇನೂ ಕೇಳಿಸಲಿಲ್ಲ. ನಿನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಅಂದ.

ಅವಳು ಪ್ಲಗ್ಗನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟಳು. ಅವನ ಎಡಗಡೆಗೆ, ಇನ್ನೂ ಅಷ್ಟಿಷ್ಟು ಕೇಳುವ ಕಿವಿಯ ಕಡೆಗೆ ಬಂದು, ಮುಖ ಕಾಣುವ ಹಾಗೆ ನಿಂತಳು. "ಮೂರು ಸಲ ಕರೆದೆ. ಕಾಂಗ್, ಕಾಂಗ್ ಅಂತ. ಆಮೇಲೆ ಪಾಕ್ ಅಂತ ಅವರನ್ನೂ ಕರೆದೆ. ಇಬ್ರೂ ತಿರುಗಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಂಗ್, ನಿಮಗೆ ಕೇಳಿಸಲ್ಲ. ಪಾಕ್, ತಪ್ಪು ತಿಳ್ಕೋಬೇಡಿ. ನಿಮಗೂ ಕೇಳಿಸಲ್ಲ ಅನ್ಸುತ್ತೆ."

ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮುದುಕನ ಜೋರು ದನಿ, ಬಾಯಿಯ ಮೇಲೆ ನೆಟ್ಟ ಆ ಕಣ್ಣು, ಎಲ್ಲವೂ ರುಮಾದಿಗೆ ಒಮ್ಮೆಗೇ ಅರ್ಥವಾದವು. ಕೇಳುವವನ ವೇಷ ಹಾಕಿ ತಾನು ತಲೆ ಓರೆ ಮಾಡಿ ನಿಂತಾಗ ಎದುರು ನಿಂತವನದೂ ಅದೇ ವೇಷ. ಇಬ್ಬರೂ ಸೇರಿ, ಇಬ್ಬರಿಗೂ ಕೇಳಿಸದ ಹಾಡನ್ನು ಮೆಚ್ಚಿಕೊಂಡಿದ್ದರು. ತಸ್ರಿಪಾನ್ ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡ. "ನಿಮಗೂನಾ?" ಎಂದು ಕೇಳಿದ, ಈ ಸಲ ಮೆಲ್ಲಗೆ, ರುಮಾದಿ ಅದನ್ನು ಅವನ ತುಟಿಯಿಂದ ಓದಿದ. ರುಮಾದಿ ತಲೆಯಾಡಿಸಿದ. ಅವನಿಗೆ ನಾಚಿಕೆಗಿಂತ ಬೇರೆ ಒಂದು ಕಾಡುತ್ತಿತ್ತು. ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಯಾವಾಗಲೂ ಎಡಗಡೆಗೇ ನಡೆಯುತ್ತಿದ್ದಳು, ತಟ್ಟೆ ಇಡುವಾಗ ಮೇಜಿಗೆ ಒಮ್ಮೆ ಬಡಿಯುತ್ತಿದ್ದಳು, ಬಂದವರು ಏನಾದರೂ ಕೇಳಿದರೆ "ಕಾಂಗ್, ಅವರು ಮರ ಯಾವಾಗ ಬರುತ್ತೆ ಅಂತಿದಾರೆ" ಎಂದು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು. ಅದನ್ನೆಲ್ಲ ವಯಸ್ಸಾದ ಹೆಂಗಸಿನ ಹೊಸ ಅಭ್ಯಾಸಗಳೆಂದು ಅವನು ತಿಳಿದಿದ್ದ. ಶುಕ್ರವಾರವೂ ಅವಳಿಗೆ ಗೊತ್ತಿತ್ತು. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೌದು ಅಂದಿದ್ದಳು.

"ಇನ್ನೊಂದು ಸಲ ಓಡಿಸಿ" ಎಂದ ರುಮಾದಿ. "ಓಡಿಸಿ, ನಿಲ್ಸಿ. ತಾನಾಗೇ ನಿಧಾನ ಆಗ್ಲಿ. ಮಸ್ರಿ, ನೀನು ಇಲ್ಲಿ ಬಾ. ಟಿಕ್ ಅಂದಾಗೆಲ್ಲ ನನ್ನ ಕೈ ಮೇಲೆ ತಟ್ಟು."

ಪಟ್ಟಿ ಓಡಿತು, ನಿಲ್ಲಿಸಿದರು, ಗಾಲಿಗಳು ಬರಬರುತ್ತಾ ದಣಿದವು. ಅವಳ ಬೆರಳು ಅವನ ಮಣಿಕಟ್ಟಿನ ಮೇಲೆ ಮೊದಲು ಮಳೆಹನಿಯ ಹಾಗೆ ಬಡಿಯಿತು, ಆಮೇಲೆ ನಿಧಾನವಾಯಿತು. ಅವನು ಉಸಿರು ಹಿಡಿದು ಪಟ್ಟಿಯನ್ನೇ ನೋಡಿದ. ಪಟ್ಟಿಯ ಎರಡು ತುದಿ ಕೂಡಿಸಿದ ಬೆಸುಗೆ, ಒಂದು ಕಪ್ಪು ಕಲೆ, ಮೇಜು ದಾಟಿ ಕೆಳಗಿಳಿಯುತ್ತಿತ್ತು. ಅದಾಗಿ ಒಂದು ಗೇಣಿನಷ್ಟು ಪಟ್ಟಿ ಹಾದುಹೋದಾಗ ಅವಳ ಬೆರಳು. ಮತ್ತೆ ಕಲೆ, ಮತ್ತೆ ಒಂದು ಗೇಣು, ಮತ್ತೆ ಬೆರಳು. ಟಿಕ್ ಎಂಬುದು ಅವನಿಗೆ ಚರ್ಮದಲ್ಲಿ ಕೇಳಿಸಿತು. ಗಾಲಿ ನಿಂತ ಮೇಲೆ ಪ್ಲಗ್ಗು ಕಿತ್ತು, ಗಾಲಿಯನ್ನು ಕೈಯಿಂದ ತಿರುಗಿಸಿ, ಕಲೆಯಿಂದ ಒಂದು ಗೇಣು ಅಳೆದು, ಪಟ್ಟಿಯ ಬೆನ್ನಿನ ಮೇಲೆ ಹತ್ತಿಯ ಚಿಂದಿಯನ್ನು ಎಳೆದ. ಒಂದು ಕಡೆ ಚಿಂದಿಯ ಎಳೆ ಸಿಕ್ಕಿಕೊಂಡಿತು. ಪಟ್ಟಿಯನ್ನು ಅಲ್ಲಿ ಸ್ವಲ್ಪ ಬಗ್ಗಿಸಿದಾಗ ಕೂದಲಿನಂಥ ಬಿರುಕು ಬಾಯಿ ತೆರೆಯಿತು. ಅಗಲದ ಅರ್ಧಕ್ಕೂ ಮೀರಿ ಸೀಳಿತ್ತು.

ತಸ್ರಿಪಾನ್ ಹಲಗೆಯ ಮೇಲೆ ಕುಸಿದು ಕೂತ. "ನಿನ್ನೆ ಇಡೀ ದಿನ ಕೊಯ್ದಿದೀನಿ ಇದ್ರಲ್ಲಿ" ಅಂದ. "ಮುಖ ಇಷ್ಟು ಹತ್ರ ಇಟ್ಕೊಂಡು." ಸ್ವಲ್ಪ ಹೊತ್ತು ಬಿರುಕನ್ನೇ ನೋಡಿದ. "ಅವಳಿದ್ದಿದ್ರೆ ಅಡುಗೆಮನೆಯಿಂದಾನೇ ಕೂಗ್ತಿದ್ಲು. ರೀ, ನಿಮ್ಮ ಸವತಿ ಕೆಮ್ತಿದಾಳೆ ಅಂತ. ಸವತಿ ಯಾರಿಗೆ ಕಣೇ ಅಂತ ನಾನು ನಗ್ತಿದ್ದೆ. ಕಿವುಡು ಅಂತ ನನಗೆ ಗೊತ್ತಾಗಿದ್ದೇ ಅವಳು ಹೋದ್ಮೇಲೆ. ಅಲ್ಲೀವರೆಗೂ ಎಲ್ಲ ಕೇಳ್ತಿತ್ತು, ಅವಳ ಕಿವೀಲಿ." ಮಾರುವ ಕಾರಣವನ್ನು ದಲಾಲಿ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮಸ್ರಿಫಾ ಪಕ್ಕದ ಮೋಟುಮರದ ಮೇಲೆ ಕೂತಳು.

"ಬು" ಅಂದ ಮುದುಕ. "ಈಗ ಇನ್ನೇನು ಕೇಳಿಸ್ತಿದೆ? ಇಲ್ಲಿ, ಈ ಮನೇಲಿ?"

ಅವಳು ಆಲಿಸಿದಳು. "ಪಕ್ಕದ ಮನೆ ಪಂಜರದ ಪಾರಿವಾಳ. ಯಾರೋ ಒಗ್ಗರಣೆ ಹಾಕ್ತಿದಾರೆ. ಮಾಡಿನ ಮೇಲೆ ಬೆಕ್ಕು ನಡೀತಿದೆ, ಅಲ್ಲ, ಎರಡು." ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟಳು. "ನಿಮ್ಮ ಬಚ್ಚಲ ನಲ್ಲಿ ತೊಟ್ಟಿಕ್ತಿದೆ ಪಾಕ್."

ಮುದುಕ ಎದ್ದು ಹೋಗಿ ನಲ್ಲಿ ಬಿಗಿಮಾಡಿ ಬಂದ. "ಈಗ?" ಎಂದು ಬಾಗಿಲಿಂದಲೇ ಕೇಳಿದ. ಅವಳು ಇಲ್ಲ ಎಂದು ಕೈಯಾಡಿಸಿದಳು. ಆ ಒಣಗಿದ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ರುಮಾದಿ ನೋಡಲಾರದೆ ನೋಡಿದ.

ಗೋಡೆಗೆ ನೇತುಹಾಕಿದ್ದ ಹೊಸ ಪಟ್ಟಿಯನ್ನು ಇಬ್ಬರೂ ಸೇರಿ ಏರಿಸಿದರು. ಓಡಿಸಿದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. "ಈಗ ಬರೀ ಹಾಡು" ಅಂದಳು. ಆದರೂ ರುಮಾದಿ ಕೈ ಒರೆಸಿಕೊಂಡು ದೂರ ನಿಂತ. "ಮಷೀನ್ ಚೆನ್ನಾಗಿದೆ ಪಾಕ್. ಆದ್ರೆ ಇದು ಕಿವಿ ಇರೋರ ಮಷೀನು. ನಾನು ಕೊಂಡ್ರೆ ತಪ್ಪಾಗುತ್ತೆ." ಇಷ್ಟು ಹೇಳುವುದು ಕಷ್ಟವಾಗುತ್ತದೆಂದುಕೊಂಡಿದ್ದ. ಆಗಲಿಲ್ಲ.

"ನಾನೆಲ್ಲಿ ಕೂತಿರ್ತೀನಿ?" ಎಂದಳು ಮಸ್ರಿಫಾ.

"ಎಲ್ಲಿ ಅಂದ್ರೆ?"

"ದಿನಾ. ಉಪ್ಪುಕಾಗದ ಹಿಡ್ಕೊಂಡು ಕುರ್ಚಿ ಉಜ್ಜೋಳು ನಾನೆಲ್ಲಿ ಕೂತಿರ್ತೀನಿ? ನಿಮ್ಮಿಂದ ಆರು ಹೆಜ್ಜೆ. ದನಿ ಬದಲಾದ್ರೆ ಒಂದು ಚಕ್ಕೆ ಎತ್ತಿ ಎಸೀತೀನಿ ನಿಮ್ಮ ಮೇಲೆ."

"ಗುರಿ ಸರಿಯಾಗಿದ್ಯಾ ಬು?" ತಸ್ರಿಪಾನ್ ಕೇಳಿದ.

"ಇವರ ತಲೆ ದೊಡ್ಡದಿದೆ ಪಾಕ್, ತಪ್ಪಲ್ಲ."

ಮುದುಕ ಬಾಯಿ ತೆರೆದು ನಕ್ಕ. ರುಮಾದಿ ನಗಲಿಲ್ಲ. ಅವಳ ಬಾಗಿದ ಮಣಿಕಟ್ಟನ್ನು ನೋಡುತ್ತಿದ್ದ. ಅವಳನ್ನೇ ನೋಡಿ, ಒಂದೊಂದೇ ಮಾತಾಗಿ ಹೇಳಿದ. "ನೀನಿಲ್ದಿದ್ದಾಗ ಮಷೀನ್ ಓಡಲ್ಲ. ನೀನು ಸಂತೆಗೆ ಹೋದ್ರೆ ಇಲ್ಲ, ಮಲಗಿದ್ರೆ ಇಲ್ಲ, ಬಾವಿಗೆ ಹೋದ್ರೂ ಇಲ್ಲ. ಅವತ್ತು... ಆಚೆ ಮನೆ ಮಷೀನ್ ಓಡ್ತಿರಲಿಲ್ಲ."

"ಗೊತ್ತು" ಅಂದಳು. ಅಂದು, ಅವನ ಅಂಗಿಯ ತೋಳಿನ ಮೇಲಿದ್ದ ಮರದ ಪುಡಿಯನ್ನು ಕೊಡವಿದಳು, ತುಂಬ ಹೊತ್ತು, ಪುಡಿ ಹೋದ ಮೇಲೂ.

ಸೋಮವಾರ ಗಾಡಿಯಲ್ಲಿ ಹೇರಿ ತರುವುದೆಂದಾಯಿತು. ಕೂರಿಸಲು ತಾನೂ ಬರುತ್ತೇನೆ, ಅದರ ಬುಡ ಸಮ ಮಾಡುವುದು ಬೇರೆಯವರಿಗೆ ಬಾರದು ಅಂದ ತಸ್ರಿಪಾನ್. ಮಧ್ಯಾಹ್ನದ ಊಟ ನಮ್ಮಲ್ಲೇ ಅಂದಳು ಮಸ್ರಿಫಾ, ಎರಡು ಸಲ, ಎರಡನೆಯ ಸಲ ಅವನ ಎದುರು ನಿಂತು. ಗೇಟಿನವರೆಗೂ ಬಂದ ಮುದುಕ ರುಮಾದಿಯ ಕೈಯನ್ನು ಬಿಡದೆ ಹಿಡಿದುಕೊಂಡಿದ್ದ.

ಹಿಂತಿರುಗುವಾಗ ಬಿಸಿಲು ಚುರುಕಾಗಿತ್ತು. ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಗಾಳಿ ಕಿವಿಯಲ್ಲಿ ಉಳಿದಿದ್ದಷ್ಟನ್ನೂ ಒರೆಸಿ ಹಾಕುತ್ತಿತ್ತು. ಹಿಂದೆ ಕೂತ ಮಸ್ರಿಫಾ ಮಾತಾಡುತ್ತಿದ್ದಳು. ಅವನಿಗೆ ಅದು ಗೊತ್ತಾದದ್ದು ಅವಳ ಗದ್ದ ಅವನ ಭುಜದ ಮೇಲೆ ಆಡುತ್ತಿದ್ದುದರಿಂದ. ಗದ್ದ ಆಡುತ್ತದೆ, ನಿಲ್ಲುತ್ತದೆ, ಮತ್ತೆ ಆಡುತ್ತದೆ. ನಿಂತ ಕಡೆ ಹೂಂ ಅನ್ನಬೇಕು. ಹೂಂ ನಾಲಗೆಯ ತುದಿಗೆ ಬಂದೂ ಆಗಿತ್ತು. ಅದನ್ನು ನುಂಗಿದ. ಸೇತುವೆಯ ಹತ್ತಿರ, ಬೂರುಗದ ಮರದ ಕೆಳಗೆ ಬೈಕು ನಿಲ್ಲಿಸಿ, ಎಂಜಿನ್ ಆರಿಸಿದ.

"ಏನಾಯ್ತು? ಪೆಟ್ರೋಲಾ?"

ಅವನು ಇಳಿದು ಅವಳ ಎದುರು ನಿಂತ. "ನೀನು ಏನೋ ಹೇಳ್ತಿದ್ದೆ. ನನಗೆ ಒಂದಕ್ಷರ ಕೇಳಿಸಲಿಲ್ಲ."

ಈ ಮಾತನ್ನು ಅವನು ಈ ಮೂರು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳೂ ಬೈಕಿನಿಂದ ಇಳಿದಳು. ಆಮೇಲೆ, "ಎಲ್ಲಿಂದ ಕೇಳಿಸಲಿಲ್ಲ?" ಎಂದು ಕೇಳಿದಳು.

"ಮೊದಲಿಂದ ಹೇಳು."

"ಅಯ್ಯೋ, ಅದೇನು ಮಹಾ ಮಾತಲ್ಲ ಕಾಂಗ್."

"ಮಹಾ ಮಾತೆಲ್ಲ ನೀನು ಎರಡೆರಡು ಸಲ ಹೇಳಿ ಕೇಳಿಸಿದೀಯ. ಮಹಾ ಅಲ್ದೇ ಇರೋದು ಹೇಳು."

ಅವಳು ಸೇತುವೆಯ ಕಟ್ಟೆಯ ಮೇಲೆ ಕೂತಳು. ತುಟಿ ಕಾಣಲಿ ಎಂದು ಅವನು ಎದುರಿಗೆ, ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತ. "ಪೇಟೆ ದಾ‌ಟೋವಾಗ ಬೆಳಿಗ್ಗೆ, ಪಕ್ಕದ ಅಡ್ಡರಸ್ತೇಲಿ ಬಾತುಕೋಳಿಗಳು ದಾಟ್ತಿದ್ವು" ಅಂದಳು. "ಸಾಲಾಗಿ. ಎಂಟೋ ಒಂಬತ್ತೋ. ಲಾರಿಯವನೂ ನಿಲ್ಲಿಸಿದ್ದ. ಕೊನೇದು ಕುಂಟ್ತಾ ಇತ್ತು, ಮುಂದಿರೋವು ಅದಕ್ಕೆ ಕಾಯ್ತಿದ್ವು ಅನ್ಸಿತು. ಆಗ್ಲೂ ನೋಡಿ ಅಂದೆ, ಈಗ್ಲೂ ಅದೇ ಹೇಳ್ತಿದ್ದೆ. ಅಷ್ಟೇ. ಅಷ್ಟೇ ಹೇಳಿದ್ದು."

ರುಮಾದಿ ಆ ಸಾಲನ್ನು ಕಣ್ಣಮುಂದೆ ತಂದುಕೊಂಡ. ತರಲು ಹೊತ್ತು ಬೇಕಾಯಿತು.

"ಯಾವ ಕಾಲು?" ಎಂದು ಕೇಳಿದ.

ಅವಳು ನಗಲಿಲ್ಲ. ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು, ಅವನ ಕಡೆ ಬಗ್ಗಿ ಹೇಳಿದಳು. "ಎಡಗಾಲು."